ಗಾಣದ ಪಿನಿಯನ್‌ಗೆ 17 ಹಲ್ಲಿನ ಬದಲು 20 ಹಲ್ಲು ಹಾಕಿಸಬಹುದಾ?

ಆಲೆಮನೆ_ಹುಡುಗ
ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆ ನಮ್ಮದೊಂದು ಆಲೆಮನೆ ಇದೆ. ಮೂರು ರೋಲರ್ ಗಾಣ, 10 ಎಚ್‌ಪಿ ತ್ರೀ ಫೇಸ್ ಮೋಟರ್, 1440 ಆರ್‌ಪಿಎಂ. ಮೋಟರ್‌ಗೆ 6 ಇಂಚಿನ ಪುಲ್ಲಿ, ಗಾಣದ ಕಡೆ 24 ಇಂಚಿಂದು. ಅಲ್ಲಿಂದ ಎರಡು ಜೊತೆ ಗೇರ್: ಮೊದಲು 17 ಹಲ್ಲಿಂದ 102 ಹಲ್ಲಿಗೆ, ಆಮೇಲೆ 17ರಿಂದ 85. ಕೊನೇ ಜೊತೆಯ ಚಿಕ್ಕ ಗೇರ್, ಅಂದ್ರೆ ಪಿನಿಯನ್, ಅದರ ಹಲ್ಲು ಸವೆದು ಚೂಪಾಗಿದೆ, ಒಂದು ಹಲ್ಲಿನ ಮೂಲೆ ಹಾರಿಹೋಗಿ ಸುತ್ತಿಗೊಂದು ಸಲ ಟಕ್ ಅನ್ನುತ್ತೆ. ಹೇಗೂ ಹೊಸದು ಮಾಡಿಸಬೇಕು. ನಮ್ಮ ಫಿಟ್ಟರ್ "ಹಂಗಾದ್ರೆ 20 ಹಲ್ಲಿಂದೇ ಹಾಕೋಣ, ಗಾಣ ಜೋರಾಗಿ ತಿರುಗುತ್ತೆ, ಕರೆಂಟ್ ಅಷ್ಟೇ" ಅಂತಾರೆ. ಇದು ನಿಜಾನಾ? ಗೇರ್ ಬದಲಾಯಿಸಿದ್ರೆ ಶಕ್ತಿ ಪುಕ್ಕಟೆ ಬರುತ್ತಾ?

ಲೇತ್_ಅಣ್ಣ
ಶಕ್ತಿ ಮಾತು ಆಮೇಲೆ, ಮೊದಲು ಅದು ಕೂರುತ್ತಾ ನೋಡಿ. ಹಳೇ ಪಿನಿಯನ್ನಿನ ಹೊರವ್ಯಾಸ ಅಳೆದು, ಹಲ್ಲಿನ ಲೆಕ್ಕಕ್ಕೆ 2 ಸೇರಿಸಿ ಭಾಗಿಸಿ. 228 ಮಿ.ಮೀ. ಬಂದ್ರೆ 228 ಭಾಗಿಸು 19, ಅಂದ್ರೆ 12 ಮಾಡ್ಯೂಲ್ (ಹಲ್ಲಿನ ಗಾತ್ರ ಹೇಳೋ ಅಂಕಿ). ಹಲ್ಲು ಸವೆದಿದ್ದರೆ ಅಳತೆ ಸ್ವಲ್ಪ ಕಮ್ಮಿ ಬರುತ್ತೆ, ಹತ್ತಿರದ ಸ್ಟ್ಯಾಂಡರ್ಡ್ ಅಂಕಿ ಹಿಡ್ಕೊಳ್ಳಿ. 12 ಮಾಡ್ಯೂಲ್‌ನಲ್ಲಿ 17 ಮತ್ತು 85 ಹಲ್ಲಿಗೆ ಎರಡು ಶಾಫ್ಟ್ ನಡುವೆ 612 ಮಿ.ಮೀ. ಬೇಕು. 20 ಹಾಕಿದ್ರೆ 630. ಅಂದ್ರೆ ಬೇರಿಂಗ್ 18 ಮಿ.ಮೀ. ಸರಿಸಬೇಕು, ಬೋಲ್ಟ್ ತೂತು ಎಲ್ಲಾ ಹೊಸದು. ರೋಲರ್‌ಗಳ ತುದಿಯಲ್ಲಿರೋ ಮೂರು ಗೇರ್ ನೋಡಿ, ಅವುಗಳ ಹಲ್ಲು ಉದ್ದ ಇರುತ್ತೆ, ರೋಲರ್ ಬಿಗಿ ಸಡಿಲ ಮಾಡಿದಾಗ ಹಲ್ಲು ಬಿಟ್ಟುಹೋಗಬಾರದು ಅಂತ. ನಿಮ್ಮ 17-85 ಜೊತೆಗೆ ಆ ಸೌಕರ್ಯ ಇಲ್ಲ.

ವೇಗ ಹೆಚ್ಚಿಸಲೇಬೇಕು ಅಂದ್ರೆ ಮೋಟರ್ ಪುಲ್ಲಿ 6 ಬಿಟ್ಟು 7 ಇಂಚು ಹಾಕಿ. ಹೆಚ್ಚುಕಮ್ಮಿ 20 ಹಲ್ಲು ಹಾಕಿದಷ್ಟೇ ವೇಗ ಸಿಗುತ್ತೆ, ಇಷ್ಟವಾಗದಿದ್ರೆ ಸಂಜೆಗೆ ಹಳೇದೇ ಹಾಕ್ಕೊಳ್ಳಬಹುದು.

ಟಾರ್ಕ್_ತಿಮ್ಮ
ಪುಕ್ಕಟೆ ಏನೂ ಬರಲ್ಲ ಗುರು. ಗೇರ್ ಶಕ್ತಿ ಹುಟ್ಟಿಸಲ್ಲ, ವೇಗ ಬಿಟ್ಟುಕೊಟ್ಟು ತಿರುಚುವ ಬಲ (ಟಾರ್ಕ್) ಕೊಡುತ್ತೆ, ಅಷ್ಟೇ. ನಿಮ್ಮದೇ ಲೆಕ್ಕ ಮಾಡೋಣ. ಪುಲ್ಲಿಯಲ್ಲಿ 4 ಪಟ್ಟು, ಗೇರ್‌ನಲ್ಲಿ 6 ಪಟ್ಟು, ಮತ್ತೆ 5 ಪಟ್ಟು, ಒಟ್ಟು 120. ಬೆಲ್ಟ್ ಜಾರೋದನ್ನ ಬಿಟ್ಟರೆ ರೋಲರ್ ನಿಮಿಷಕ್ಕೆ 12 ಸುತ್ತು. 10 ಎಚ್‌ಪಿ ಮೋಟರ್ ಪೂರ್ತಿ ಲೋಡ್‌ನಲ್ಲಿ ಶಾಫ್ಟ್‌ಗೆ ಕೊಡೋದು ಸುಮಾರು 50 ನ್ಯೂಟನ್ ಮೀಟರ್ ಟಾರ್ಕ್. ಅದೇ ರೋಲರ್ ಹತ್ತಿರ ಬರೋ ಹೊತ್ತಿಗೆ 120 ಪಟ್ಟು, ಅಂದ್ರೆ 6000. ಬೆಲ್ಟ್‌ನಲ್ಲಿ, ಬೇರಿಂಗ್‌ನಲ್ಲಿ, ಪ್ರತಿ ಜೊತೆ ಹಲ್ಲಿನ ಉಜ್ಜಾಟದಲ್ಲಿ ಒಂದಷ್ಟು ಸೋರಿಹೋಗುತ್ತೆ, ಗ್ರೀಸ್ ಹಾಕದೆ ಧೂಳು ತಿನ್ನಿಸಿದ್ರೆ ಇನ್ನೂ ಜಾಸ್ತಿ.

ಈಗ 20 ಹಲ್ಲು ಹಾಕಿದ್ರೆ ಒಟ್ಟು 102 ಪಟ್ಟು, ರೋಲರ್ 14 ಸುತ್ತು. ಆದರೆ ಕಬ್ಬು ಕೇಳೋ ಬಲ ಅಷ್ಟೇ ಇರುತ್ತೆ, ಕಬ್ಬಿಗೇನು ಗೊತ್ತು ನೀವು ಗೇರ್ ಬದಲಾಯಿಸಿದ್ದು. ಅಷ್ಟೇ ಬಲ, ಹೆಚ್ಚು ವೇಗ, ಹಾಗಾಗಿ ಮೋಟರ್ ಎಳೆಯೋ ಕರೆಂಟೂ ಹೆಚ್ಚು. ಕಬ್ಬು ಕಮ್ಮಿ ಕಮ್ಮಿ ಕೊಟ್ಟು ಓಡಿಸಬಹುದು, ಆದರೆ ಆಗ ವೇಗ ಹೆಚ್ಚಿಸಿ ಏನು ಬಂತು? ಮೊದಲು ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯೋದು) ಹಾಕಿ ಆಂಪ್ಸ್ ನೋಡಿ.

ಹಳ್ಳಿ_ಮೇಷ್ಟ್ರು
ಎತ್ತಿನ ಗಾಣ ನೋಡಿದವನು ನಾನು. ನಡುವಿನ ರೋಲರ್ ತಲೆಗೆ ನೊಗದ ಮರ, ಅದರ ಗೇರ್ ಪಕ್ಕದ ಎರಡನ್ನೂ ತನಗೆ ಎದುರಾಗಿ ತಿರುಗಿಸುತ್ತೆ. ಎತ್ತು ನಿಮಿಷಕ್ಕೆ ಎರಡು ಮೂರು ಸುತ್ತು ಬರೋದು, ವೇಗ ಇಳಿಸೋ ಗೇರ್ ಬೇಕೇ ಇರಲಿಲ್ಲ. ಒಂದು ವಿಷಯ ಯಾರೂ ಹೇಳಿಲ್ಲ: ರೋಲರ್ ಜೋರಾದಷ್ಟೂ ಕಬ್ಬಿನ ಹಾಲು ಇಳಿದುಹೋಗೋಕೆ ಟೈಮ್ ಸಿಗಲ್ಲ, ಸಿಪ್ಪೆ ಜೊತೆ ಹಸಿಯಾಗೇ ಹೊರಗೆ ಹೋಗುತ್ತೆ. ಕಬ್ಬು ಜಾಸ್ತಿ ಅರೆದು ಬೆಲ್ಲ ಅಷ್ಟೇ ಬಂದ್ರೆ ಏನು ಲಾಭ ಮಗಾ?

ಆಲೆಮನೆ_ಹುಡುಗ
ಥ್ಯಾಂಕ್ಸ್ ಎಲ್ಲರಿಗೂ. ಮೀಟರ್ ಹಾಕಿ ನೋಡಿದೆ. ಗಾಣ ತುಂಬ ಕಬ್ಬು ಇದ್ದಾಗ 13.5 ಆಂಪ್ಸ್. ಮೋಟರ್ ಪ್ಲೇಟ್ ಮೇಲೆ 14.5 ಅಂತಿದೆ.

ಟಾರ್ಕ್_ತಿಮ್ಮ
ಪ್ಲೇಟ್ ಮೇಲಿನ 14.5 ಮೋಟರ್ ತಾಳೋ ಮಿತಿ, ವೇಗ ಹೆಚ್ಚಿಸಿದ್ರೆ ಅದನ್ನ ದಾಟುತ್ತೆ, ಹಂಗಾಗಿ ಜಾಗವೇ ಇಲ್ಲ. 17 ಹಲ್ಲಿಂದೇ ಮಾಡಿಸಿ.

ಲೇತ್_ಅಣ್ಣ
ಹೌದು. ಮಾಡಿಸೋವಾಗ ಇಎನ್ 24 ಅನ್ನೋ ಗಟ್ಟಿ ಸ್ಟೀಲ್‌ನಲ್ಲಿ ಮಾಡಿಸಿ ಹಾರ್ಡ್‌ನಿಂಗ್ ಕೇಳಿ, ದೊಡ್ಡ ಗೇರ್ ಒಂದು ಸುತ್ತು ಬರೋದರಲ್ಲಿ ಪಿನಿಯನ್ ಹಲ್ಲು ಐದು ಸಲ ಪೆಟ್ಟು ತಿನ್ನುತ್ತೆ. ಮತ್ತೆ 85 ಅನ್ನೋದು 17ರ ಸರಿಯಾಗಿ ಐದು ಪಟ್ಟು, ಹಂಗಾಗಿ ಆ ಮೂಲೆ ಹಾರಿದ ಹಲ್ಲು ಪ್ರತಿ ಸಲ ಅದೇ ಐದು ಹಲ್ಲಿಗೆ ಹೊಡೆದಿದೆ. ಹೊಸದು ಕೂರಿಸೋ ಮುಂಚೆ ದೊಡ್ಡ ಗೇರ್ ಒರೆಸಿ, ಹದಿನೇಳಕ್ಕೊಂದರಂತೆ ಆ ಐದನ್ನೂ ಹುಡುಕಿ ನೋಡಿ, ಬಿರುಕು ಇದೆಯಾ ಅಂತ.