ಸಹಾಯ ಬೇಕು: ತೀರಿಹೋದ ಆರ್ಕೆಸ್ಟ್ರಾ ಅಣ್ಣನ ಕ್ಯಾಸೆಟ್‌ಗಳು (ಬಳ್ಳಾರಿ)

ಬಾರ್‌ನಾಗೆ ಹಾಡ್ತಿದ್ದ ಅಣ್ಣನ ದನಿ ಈಗ ಉಳಿದಿರೋದು 14 ಕ್ಯಾಸೆಟ್‌ನಾಗೆ ಮಾತ್ರ. ನಾಲ್ಕರಲ್ಲಿ ಟೇಪನ್ನ ಹೆಡ್‌ಗೆ (ಪ್ಲೇಯರ್‌ನಾಗೆ ಟೇಪ್ ಓದೋ ಭಾಗ) ಒತ್ತೋ ಫೆಲ್ಟ್ ತುಂಡು ಉದುರೈತಿ. ಅಂಟು ಒಣಗಿದ್ರೆ ಹಿಂಗೇ, ದನಿ ಕಂಬಳಿ ಹೊದ್ದಂಗೆ ಮಂಕಾಗ್ತೈತಿ. ಇವುಗಳ ಟೇಪನ್ನ ತೆಗೆದು ಹಾಕಾಕ ಐದು ಸ್ಕ್ರೂ ಇರೋ ಹಳೇ ಕ್ಯಾಸೆಟ್ ಬೇಕ್ರಿ. ಅಂಟಿಸಿದ್ದು ಬೇಡ, ಒಡೀದೆ ಬಿಚ್ಚಾಕ ಬರಲ್ಲ. ಎರಡಕ್ಕೆ ಬಿಳಿ ಬೂಷ್ಟು ಹಿಡಿದೈತಿ. ಅವನ್ನ ಹಂಗೇ ಹಾಕಿದ್ರೆ ಹೆಡ್‌ಗೂ ಹತ್ತಿ ಉಳಿದ ಟೇಪಿಗೂ ಹರಡ್ತೈತಿ.

ಇವನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಾಕ, ಬಳ್ಳಾರಿ, ಕಂಪ್ಲಿ, ಸಿರುಗುಪ್ಪ ಕಡೆ ಲೈನ್ ಔಟ್ (ದನಿಯನ್ನ ವೈರ್‌ನಾಗೆ ಹೊರಗೆ ಕೊಡೋ ತೂತು) ಇರೋ ಕ್ಯಾಸೆಟ್ ಡೆಕ್ ಯಾರ ಹತ್ರ ಐತ್ರಿ? ಒಂದೊಂದು ಕ್ಯಾಸೆಟ್‌ಗೂ ಹೆಡ್ ಪಕ್ಕದ ಸಣ್ಣ ಸ್ಕ್ರೂ ತಿರುವಿ, 'ಸ'ಕಾರ ಚೊಕ್ಕ ಕೇಳೋವರೆಗೂ ಹೊಂದಿಸ್ಬೇಕು. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಮಾಡ್ರಿ. ಟೇಪಿನ 'ಸುಯ್' ಸದ್ದು ತೆಗೀಬ್ಯಾಡ್ರಿ, ಅದರ ಜೊತೆ ಅಣ್ಣನ ಉಸಿರೂ ಹೋಗ್ತೈತಿ. ಹಿಂದೆ ಗ್ಲಾಸ್ ಸದ್ದು? ಇರಲಿ ಬಿಡ್ರಿ.