ಧಾರಾವಿ ಓಣಿಗಳಲ್ಲಿ ಹೊತ್ತು ನಡೆಯುವ ಕೌದಿ: ಅಳತೆ ಹೇಗೆ?

ಸೂಜಿಮಲ್ಲಿಗೆ:
ಮುಂಬೈನ ಧಾರಾವಿಯಲ್ಲಿರುವ ಕಲಬುರಗಿ, ವಿಜಯಪುರ ಕಡೆಯ ಹೆಣ್ಣುಮಕ್ಕಳು ಸೇರಿ 12×12 ಅಡಿಯ ಕೌದಿ ಹೊಲಿಯಲಿದ್ದಾರೆ. ಒಬ್ಬೊಬ್ಬರದು ಒಂದು ತುಂಡು, ಅದರಲ್ಲಿ ಅವರವರ ದುಡಿಮೆಯ ಚಿತ್ರ. ಹಾಡುತ್ತ ಓಣಿಗಳಲ್ಲಿ ಹೊತ್ತು ನಡೆದು ಮೈದಾನದಲ್ಲಿ ಹಾಸಬೇಕು. ಎಷ್ಟಕ್ಕೆ ಕತ್ತರಿಸಬೇಕು? ಪಾಲಿಸ್ಟರ್ ಸೀರೆ ನಡೆಯುತ್ತದೆಯೇ?

ಕೌದಿಕೈ:
ಮುಗಿದ ತುಂಡು 3×3 ಅಡಿ, ಒಟ್ಟು 16. ಕತ್ತರಿಸುವಾಗ 39 ಇಂಚು ಹಿಡಿಯಿರಿ. ಒತ್ತಾಗಿ ಹೊಲಿದಷ್ಟೂ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಕೊನೆಗೆ ಎಲ್ಲವನ್ನೂ 37ಕ್ಕೆ ಸಮ ಮಾಡಿದರೆ ಜೋಡಣೆಗೆ ಎರಡೂ ಕಡೆ ಅರ್ಧರ್ಧ ಇಂಚು ಸಿಗುತ್ತದೆ. ಸುತ್ತ ಒಂದೂವರೆ ಇಂಚು ಹೊಲಿಗೆ ಬೇಡ, ಅಂಚು ಕತ್ತರಿಸುವಾಗ ದಾರ ಬಿಚ್ಚಿಕೊಳ್ಳುತ್ತದೆ.

ಪದರಕ್ಕೆ ಒಗೆದ ಹತ್ತಿ ಸೀರೆಯೇ ಆಗಬೇಕು. ನೀರು ಬಿದ್ದರೆ ಹತ್ತಿ ಕುಗ್ಗುತ್ತದೆ, ಪಾಲಿಸ್ಟರ್ ಕುಗ್ಗುವುದಿಲ್ಲ, ಕೌದಿ ಅಲ್ಲಲ್ಲಿ ಉಬ್ಬುತ್ತದೆ. ಆದರೆ ಯಾರಾದರೂ ತನ್ನ ಪಾಲಿಸ್ಟರ್ ಸೀರೆಯೇ ಇರಲಿ ಎಂದರೆ ಇಲ್ಲವೆನ್ನಬೇಡಿ, ಮೇಲೆ ಅಂಗೈಯಗಲದ ತೇಪೆ ಹಚ್ಚಿಸಿ. ಕೆಂಪು ಬಟ್ಟೆಯ ತುದಿ ಒದ್ದೆ ಮಾಡಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಬಿಟ್ಟುಬಿಡಿ.

ಬೀದಿಬಯಲು:
ಮೊದಲು ಓಣಿ ಅಳೆಯಿರಿ. ಎಷ್ಟೋ ಕಡೆ ಎದುರಿಗೊಬ್ಬರು ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕು. ಅಲ್ಲಿ 12 ಅಡಿಯ ಚೌಕ ಹೊತ್ತರೆ ನೋಡುವವರಿಗೆ ಬರೀ ಬಟ್ಟೆಯ ಗಂಟು! 3×12 ಅಡಿಯ ನಾಲ್ಕು ಪಟ್ಟಿ ಮಾಡಿ, ಪಕ್ಕದಂಚಿಗೆ 9 ಇಂಚಿಗೊಂದು ಲಾಡಿ ಹಚ್ಚಿ. ಪಟ್ಟಿಗೆ ನಾಲ್ವರು, ಉದ್ದಕ್ಕೆ ಮಡಿಸಿ ಹೆಗಲ ಮೇಲೆ. ಮೈದಾನದಲ್ಲಿ ಹೊಲಿದವರೇ ಲಾಡಿ ಕಟ್ಟಲಿ. ನನ್ನ ಪ್ರಕಾರ ಪ್ರದರ್ಶನದ ಜೀವ ಅಲ್ಲೇ ಇದೆ. ಸುಮಾರು 48 ಗಂಟು ಬೀಳುತ್ತವೆ, ಅಷ್ಟು ಹೊತ್ತು ನಿಲ್ಲದ ಹಾಡು ಬೇಕು.

ಅಳತೆ ಮಾತ್ರ ಬದಲಿಸಬೇಡಿ. 1987ರಲ್ಲಿ ವಾಷಿಂಗ್ಟನ್‌ನಲ್ಲಿ ಹಾಸಿದ ಏಡ್ಸ್ ಸ್ಮಾರಕ ಕೌದಿಯಲ್ಲಿ 1,920 ತುಂಡುಗಳಿದ್ದವು, ಒಂದೊಂದೂ 3×6 ಅಡಿ. ಅಳತೆ ಒಂದೇ ಇದ್ದುದರಿಂದ ಆಮೇಲೂ ಸಾವಿರಾರು ತುಂಡು ಸೇರುತ್ತ ಹೋದವು.

ಸೂಜಿಮಲ್ಲಿಗೆ:
ಲಾಡಿಯ ಉಪಾಯ ತುಂಬ ಹಿಡಿಸಿತು. ಕೂಲಿ ತುಂಡಿಗಿಷ್ಟು ಎಂದು ಕೊಡಬಹುದೇ?

ಕೌದಿಕೈ:
ಬೇಡ, ದಿನಗೂಲಿ ಕೊಡಿ. ತುಂಡಿನ ಲೆಕ್ಕವಾದರೆ ಬೇಗ ಮುಗಿಸಲು ಹೊಲಿಗೆ ಉದ್ದವಾಗುತ್ತದೆ, ಹೊತ್ತು ನಡೆಯುವಾಗ ಬೆರಳು ಸಿಕ್ಕಿ ಕಿತ್ತುಬರುತ್ತದೆ. ಒಪ್ಪಿದವರ ಹೆಸರು ಹಿಂಬದಿಯಲ್ಲಿ ಅವರ ಕೈಯಿಂದಲೇ ಹೊಲಿಸಿ. ಕೌದಿ ಕೊನೆಗೆ ಯಾರದು, ಎಲ್ಲಿರುತ್ತದೆ ಎಂಬುದು ಮೊದಲ ದಿನವೇ ಅವರೆದುರು ತೀರ್ಮಾನವಾಗಲಿ. ಇಡುವಾಗ ಸುರುಳಿ ಸುತ್ತಿ ಹಳೆ ಹತ್ತಿ ಪಂಚೆಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮುಂಬೈ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ.