ರಾಕ್ ಶೋನಲ್ಲಿ ಫೋಟೋ ತೆಗೆದರೆ ಮುಖವೆಲ್ಲ ಕೆಂಪು ಮುದ್ದೆ, ಏನು ಮಾಡೋದು?

ತುಂಗಾ_ತೀರ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು, ರಾಕ್ ಅಂದ್ರೆ ಪ್ರಾಣ. ನಮ್ಮ ಕಡೆ ಬ್ಯಾಂಡ್‌ಗಳು ವೇದಿಕೆ ಹತ್ತೋದು ಹೆಚ್ಚಾಗಿ ಕಾಲೇಜು ಫೆಸ್ಟ್‌ಗಳಲ್ಲಿ. ದೊಡ್ಡ ಬ್ಯಾಂಡ್ ನೋಡಬೇಕು ಅಂದ್ರೆ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಬೇಕು. ಹಾಗಾಗಿ ನೋಡಿದ್ದನ್ನು ಚೆನ್ನಾಗಿ ಫೋಟೋ ಹಿಡಿದು ಇಟ್ಟುಕೊಳ್ಳೋ ಆಸೆ. ನನ್ನ ಹತ್ತಿರ ಸಾಮಾನ್ಯ ಡಿಎಸ್‌ಎಲ್‌ಆರ್ ಇದೆ, ಅದರ ಜೊತೆಗೇ ಬಂದ 18-55 ಲೆನ್ಸ್ ಇದೆ.

ಮೊನ್ನೆ ಒಂದು ಫೆಸ್ಟ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ ಹುಡುಗಿ ಸೋಲೋ ಹೊತ್ತಿಗೆ ವೇದಿಕೆಯ ಅಂಚಿಗೇ ಬಂದು ನಿಂತಳು, ನಾನು ಎರಡನೇ ಸಾಲಿನಲ್ಲಿದ್ದೆ, ಇದಕ್ಕಿಂತ ಒಳ್ಳೆ ಜಾಗ ಸಿಗೋದಿಲ್ಲ. ಆದರೆ ಬಂದ ಚಿತ್ರಗಳಲ್ಲಿ ಕೈ ಅಲುಗಿದೆ, ಮುಖದಲ್ಲಿ ಕಣ್ಣು ಮೂಗು ಏನೂ ಇಲ್ಲ, ಬರೀ ಕೆಂಪು. ಹೊಸ ಲೆನ್ಸ್ ಬೇಕಾ? ಬೆಂಗಳೂರಿನ ಶೋಗಳಿಗೆ ಈ ಕ್ಯಾಮೆರಾ ಒಳಗೆ ಬಿಡ್ತಾರಾ?

ಸಾಗರದವ:
ಮೊದಲು ಕೆಂಪಿನ ವಿಷಯ. ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್‌ನಲ್ಲಿ ಪ್ರತಿ ನಾಲ್ಕು ಪಿಕ್ಸೆಲ್‌ಗೆ ಎರಡು ಹಸಿರು, ಒಂದು ನೀಲಿ, ಒಂದು ಕೆಂಪು. ವೇದಿಕೆಯ ಮೇಲೆ ಅಚ್ಚ ಕೆಂಪು ಎಲ್‌ಇಡಿ ಮಾತ್ರ ಉರಿಯುತ್ತಿದ್ದರೆ ಆ ಕಾಲು ಭಾಗದ ಪಿಕ್ಸೆಲ್‌ಗಳೇ ಎಲ್ಲ ಬೆಳಕು ಹೀರಿ ತುಂಬಿ ಹೋಗುತ್ತವೆ, ಉಳಿದವಕ್ಕೆ ಹೆಚ್ಚೇನೂ ಸಿಗೋದಿಲ್ಲ. ಅದಕ್ಕೇ ಮುಖದಲ್ಲಿ ವಿವರ ಇಲ್ಲ. ಕ್ಯಾಮೆರಾ ಮೀಟರ್ ಮಾತ್ರ ಎಲ್ಲ ಸರಿಯಿದೆ ಅಂತಲೇ ತೋರಿಸುತ್ತೆ, ಯಾಕಂದ್ರೆ ಸುತ್ತ ಕತ್ತಲೆ ಜಾಸ್ತಿ. ಹಿಸ್ಟೋಗ್ರಾಂನಲ್ಲಿ (ಚಿತ್ರದ ಬೆಳಕು ತೋರಿಸುವ ಗ್ರಾಫ್) ಮೂರೂ ಬಣ್ಣ ಬೇರೆ ಬೇರೆಯಾಗಿ ನೋಡಿ, ಕೆಂಪು ಬಲಗಡೆ ಗೋಡೆಗೆ ತಾಗಿದ್ದರೆ ಎಕ್ಸ್‌ಪೋಷರ್, ಅಂದ್ರೆ ಒಳಗೆ ಬಿಡುವ ಬೆಳಕು, ಇಳಿಸಿ.

ಆಟೋ ಮೋಡ್ ಬೇಡ್ವೇ ಬೇಡ. ಮ್ಯಾನುಯಲ್‌ಗೆ ಹಾಕಿ, ಶಟರ್ 1/250 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಿಂದ ಶುರು ಮಾಡಿ, ರಾ ಫೈಲ್‌ನಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೀರಿ. ಮೀಟರಿಂಗ್ ಸ್ಪಾಟ್‌ಗೆ (ಒಂದು ಸಣ್ಣ ಜಾಗದ ಬೆಳಕು ಮಾತ್ರ ಅಳೆಯೋದು) ಇಟ್ಟು ಮುಖದ ಮೇಲೆ ಅಳೆಯಿರಿ. ತಲೆ ಬೀಸುವವರು, ಡ್ರಮ್ಸ್ ಬಡಿಯುವವರು ಇದ್ದರೆ 1/500 ಬೇಕಾಗುತ್ತೆ. ಚಿತ್ರದಲ್ಲಿ ಕಾಳು ಕಾಳು ಬಂದರೂ ಪರವಾಗಿಲ್ಲ, ಅದನ್ನು ಆಮೇಲೆ ಕಡಿಮೆ ಮಾಡಬಹುದು. ಅಲುಗಿದ್ದನ್ನು ಸರಿ ಮಾಡೋಕೆ ಆಗಲ್ಲ.

ಲೆನ್ಸ್ ಬಗ್ಗೆ ಹೇಳೋದಾದರೆ 50 ಎಂಎಂ ಎಫ್/1.8 ತಗೊಳ್ಳಿ, ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ. ನಿಮ್ಮ 18-55 ಪೂರ್ತಿ ಝೂಮ್ ಮಾಡಿದಾಗ ಎಫ್/5.6ಕ್ಕೆ ಇಳಿಯುತ್ತೆ. ಇದರಲ್ಲಿ ಅದಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬರುತ್ತೆ, ಬೆಲೆಯೂ ಲೆನ್ಸ್‌ಗಳ ಪೈಕಿ ಕಡಿಮೆಯದೇ. ಫ್ಲ್ಯಾಶ್ ಹಾಕಲೇಬೇಡಿ. ನುಡಿಸುವವರ ಕಣ್ಣಿಗೆ ಚುಚ್ಚುತ್ತೆ, ವೇದಿಕೆಯ ಬೆಳಕಿನ ಬಣ್ಣವೂ ಸತ್ತು ಹೋಗುತ್ತೆ. ಪ್ರೆಸ್ ಫೋಟೋಗ್ರಾಫರ್‌ಗಳಿಗೂ ದೊಡ್ಡ ಶೋಗಳಲ್ಲಿ ಸಾಮಾನ್ಯವಾಗಿ ಮೊದಲ 3 ಹಾಡು ಮಾತ್ರ, ಅದೂ ಫ್ಲ್ಯಾಶ್ ಇಲ್ಲದೆ.

ಕೊಪ್ಪದ_ಬಯಲಾಟ:
ಸೆಟ್ಟಿಂಗ್ ಎಲ್ಲ ಸರಿ. ಆದರೆ ಅಭಿಮಾನಿಗೆ ಇರೋ ದೊಡ್ಡ ಬಲ ಅಂದ್ರೆ ಹಾಡು ಬಾಯಿಪಾಠ ಇರೋದು. ಪೇಪರಿನಿಂದ ಬಂದ ಫೋಟೋಗ್ರಾಫರ್‌ಗೆ ಸೋಲೋ ಎಲ್ಲಿ ಶುರುವಾಗುತ್ತೆ, ಎಲ್ಲಿ ಎಲ್ಲ ವಾದ್ಯ ನಿಂತು ಹಾಡುವವನೊಬ್ಬನೇ ಉಳೀತಾನೆ ಅಂತ ಗೊತ್ತಿರಬೇಕು ಅಂತಿಲ್ಲ. ನಿಮಗೆ ಗೊತ್ತು. ಆ ಜಾಗ ಬರೋಕೆ ಎರಡು ಸಾಲು ಮುಂಚೆಯೇ ಕ್ಯಾಮೆರಾ ಕಣ್ಣಿಗೆ ಹಿಡಿದು ಫೋಕಸ್ ಮಾಡಿಟ್ಟುಕೊಳ್ಳಿ. ಬೆಳಕಿಗೂ ಒಂದು ವರಸೆ ಇರುತ್ತೆ. ಪಲ್ಲವಿಗೆ ಬಿಳಿ ಬಂದರೆ ಮುಂದಿನ ಪಲ್ಲವಿಗೂ ಬಿಳಿಯೇ ಬರುವ ಸಾಧ್ಯತೆ ಜಾಸ್ತಿ, ಅದಕ್ಕೆ ಕಾಯಿರಿ.

ಅಭ್ಯಾಸ ಮಾಡೋಕೆ ಬೆಂಗಳೂರಿಗೇ ಹೋಗಬೇಕಾಗಿಲ್ಲ ಮಾರಾಯ್ರೆ. ಮಳೆಗಾಲ ಮುಗಿದು ಯಕ್ಷಗಾನ ಮೇಳಗಳ ತಿರುಗಾಟ ಶುರುವಾದ ಮೇಲೆ ತೀರ್ಥಹಳ್ಳಿ, ಸಾಗರ, ಕೊಪ್ಪ ಎಲ್ಲಿ ಆಟ ಇದ್ದರೂ ಹೋಗಿ ರಂಗಸ್ಥಳದ ಪಕ್ಕ ಕೂತುಕೊಳ್ಳಿ. ರಾತ್ರಿ ಬೆಳಕು, ಕೆಂಪು ವೇಷ, ಹಿಂದೆ ಕತ್ತಲೆ, ನಿಮಗಿರೋ ಕಷ್ಟ ಎಲ್ಲ ಅಲ್ಲೂ ಇದೆ. ನಾನು ಕ್ಯಾಮೆರಾ ಕಲಿತಿದ್ದು ಹೀಗೇ. ಭಾಗವತರು ಪದ ಏರಿಸಿದಾಗ, ಚೆಂಡೆಯ ಪೆಟ್ಟು ಬಿಗಿಯಾದಾಗ ವೇಷಧಾರಿ ಮಂಡಿ ಊರಿ ಗಿರ್ರನೆ ತಿರುಗೋಕೆ ಶುರು ಮಾಡ್ತಾನೆ. ಆ ಸುತ್ತಿನಲ್ಲಿ ಮುಖ ನಮ್ಮ ಕಡೆ ಬರೋದು ಒಂದೇ ಕ್ಷಣ. ನೋಡಿ ಒತ್ತಿದರೆ ಆಗಲೇ ಬೆನ್ನು ಬಂದಿರುತ್ತೆ, ತಾಳ ಕೇಳಿಯೇ ಒತ್ತಬೇಕು. ಇದು ಕೈಗೆ ಹತ್ತಿದರೆ ಗಿಟಾರ್ ಹಿಡಿದು ಜಿಗಿಯುವವನನ್ನೂ ಹಿಡಿಯಬಹುದು. ಭಾಗವತರಿಗೆ, ನೋಡುವವರಿಗೆ ಅಡ್ಡ ಆಗದ ಹಾಗೆ ಕೂತರೆ ಸಾಕು.

ಮಲೆನಾಡು_ಮೆಟಲ್:
ಗೇಟ್ ವಿಷಯ ನಾನು ಹೇಳ್ತೀನಿ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗಿನಿಂದ ದೊಡ್ಡ ಬ್ಯಾಂಡ್ ಅಂದ್ರೆ ನಮ್ಮ ಕಡೆಯವರೂ ಬ್ಯಾಗ್ ಕಟ್ಟಿಬಿಡ್ತಾರೆ. ಆದರೆ ಲೆನ್ಸ್ ಬಿಚ್ಚಿ ಹಾಕುವ ಕ್ಯಾಮೆರಾ ಇಂಥ ಕಡೆ ಟಿಕೆಟ್ ತಗೊಂಡವರಿಗೆ ಸಾಮಾನ್ಯವಾಗಿ ಬಿಡೋದಿಲ್ಲ. ಟಿಕೆಟ್‌ನ ನಿಯಮಗಳಲ್ಲಿ ತರಬಾರದ ವಸ್ತುಗಳ ಪಟ್ಟಿ ಇರುತ್ತೆ, ಹೊರಡೋ ಮುಂಚೆ ಓದಿ. ಅಲ್ಲಿಗೆ ಹೋಗಿ ಕ್ಯಾಮೆರಾ ಎಲ್ಲಿ ಇಡೋದು ಅಂತ ಒದ್ದಾಡೋದು ಬೇಡ. ಪಬ್‌ನಲ್ಲೋ ಸಣ್ಣ ಹಾಲ್‌ನಲ್ಲೋ ಇಲ್ಲಿನ ಬ್ಯಾಂಡ್‌ಗಳು ನುಡಿಸುವಾಗ ಮೊದಲೇ ಬ್ಯಾಂಡ್‌ನವರಿಗೆ ಮೆಸೇಜ್ ಹಾಕಿ ಕೇಳಿ. ಬಹಳ ಜನ ಖುಷಿಯಿಂದ ಒಪ್ಪುತ್ತಾರೆ, ಅವರಿಗೂ ಫೋಟೋ ಬೇಕು.

ಫೋನ್ ಒಂದೇ ಇದ್ದರೆ ಝೂಮ್ ಮಾಡಬೇಡಿ, ಮುಖದ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ ಬೆಳಕನ್ನು ಕೆಳಗೆ ಎಳೆಯಿರಿ. ಫೋನ್ ಚಿತ್ರದಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಅದು ಎಲ್‌ಇಡಿ ಮಿನುಗುವುದರಿಂದ, ಶಟರ್ ನಿಧಾನ ಮಾಡಿ ನೋಡಿ. ಇನ್ನೊಂದು ಮಾತು: ಫೋನನ್ನು ತಲೆ ಮೇಲೆ ಎತ್ತಿ ಹಿಡಿದು ಇಡೀ ಹಾಡು ನಿಲ್ಲಬೇಡಿ. ಹಿಂದೆ ನಿಂತವರೂ ದುಡ್ಡು ಕೊಟ್ಟೇ ಬಂದಿರೋದು.

ತುಂಗಾ_ತೀರ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಆಟಕ್ಕೆ ಹೋಗಿ ಕಲಿಯೋದು ನನಗೆ ಹೊಳೆದೇ ಇರಲಿಲ್ಲ. ಅಲುಗಿದ ಚಿತ್ರ ಎಲ್ಲ ಅಳಿಸಿಬಿಡಲಾ? ಇನ್ನೊಂದು, 50 ಎಂಎಂ ತಗೊಂಡರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಹೇಗೆ ಇಡೋದು?

ಸಾಗರದವ:
ಕ್ಯಾಮೆರಾ ಬ್ಯಾಗ್‌ನಲ್ಲಿ ಇಡಬೇಡಿ, ಬಟ್ಟೆ ತೇವ ಹಿಡ್ಕೊಳ್ಳುತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಅದರೊಳಗೆ ಇಡಿ. ಬಣ್ಣ ಬದಲಾಗುವ ಜೆಲ್ ಸಿಗುತ್ತೆ, ಬಣ್ಣ ತಿರುಗಿದರೆ ತೇವ ತುಂಬಿದೆ ಅಂತ, ಒಣಗಿಸಿ ಮತ್ತೆ ಹಾಕಿ. ಆಗಾಗ ಹೊರಗೆ ತೆಗೆದು ಬಳಸುತ್ತಾ ಇರಿ.

ಭದ್ರಾ_ಡ್ರಮ್ಸ್:
ಅಲುಗಿದ್ದು ಅಂತ ಅವತ್ತೇ ಅಳಿಸಬೇಡಿ. ನ್ಯೂಯಾರ್ಕ್‌ನಲ್ಲಿ 1979ರಲ್ಲಿ ದಿ ಕ್ಲ್ಯಾಶ್ ಬ್ಯಾಂಡ್‌ನ ಪಾಲ್ ಸಿಮೊನನ್ ತನ್ನ ಬೇಸ್ ಗಿಟಾರನ್ನು ವೇದಿಕೆಗೆ ಅಪ್ಪಳಿಸುವ ಚಿತ್ರ ತೆಗೆದವರು ಪೆನ್ನಿ ಸ್ಮಿತ್. ಫೋಕಸ್ ಸರಿಯಿಲ್ಲ, ಬಳಸೋದು ಬೇಡ ಅಂದಿದ್ದು ಅವರೇ. ಬ್ಯಾಂಡ್‌ನವರು ಅದನ್ನೇ ಆಲ್ಬಂ ಮುಖಪುಟಕ್ಕೆ ಹಾಕಿದರು. ಅದರಲ್ಲಿ ಆ ಪೆಟ್ಟಿನ ಜೋರು ಕಾಣುತ್ತೆ, ಅಷ್ಟು ಸಾಕು.

ನಾನು ಡ್ರಮ್ಸ್ ನುಡಿಸುವವನು, ಅದಕ್ಕೇ ಒಂದು ಕೋರಿಕೆ. ಎಲ್ಲರೂ ನಡುವೆ ನಿಂತು ಹಾಡುವವರನ್ನೇ ತೆಗೀತಾರೆ. ಅಲ್ಲಿಂದ ನೋಡಿದರೆ ಡ್ರಮ್ಮರ್ ಮುಖಕ್ಕೆ ಸಿಂಬಲ್, ಮೈಕ್ ಸ್ಟ್ಯಾಂಡ್ ಎರಡೂ ಅಡ್ಡ. ಒಂದು ಹಾಡಿನ ಹೊತ್ತು ವೇದಿಕೆಯ ಪಕ್ಕಕ್ಕೆ ಬನ್ನಿ, ಎರಡು ಸಿಂಬಲ್ ನಡುವೆ ಮುಖ ಕಾಣೋ ಜಾಗ ಹುಡುಕಿ, ಕೋಲು ಮೇಲೆ ಹೋದಾಗ ಒತ್ತಿ. ಆಮೇಲೆ ಆ ಫೋಟೋ ಅವರಿಗೆ ಕಳಿಸಿ. ನುಡಿಸುವಾಗ ನಾವು ಹೇಗೆ ಕಾಣ್ತೀವಿ ಅಂತ ನಮಗೆ ಯಾರೂ ತೋರಿಸೋದೇ ಇಲ್ಲ.